ಎಚ್ಚರಾದ ಮೇಲೆ ಕಂಡ ಹೆಸರು

ಹಾಲು ಸೀದ ವಾಸನೆ ಬಂದರೆ ಸುಜಾತಾ ಮೊದಲು ಒಲೆಯತ್ತ ನೋಡುತ್ತಿದ್ದಳು. ಆಮೇಲೆ ಗಂಡನನ್ನು ಕೇಳುತ್ತಿದ್ದಳು: "ರೀ, ಹಾಲು ಹೊತ್ತೈತೇನ್ರಿ?"

ಹೌದು ಎಂದು ಅವನು ಅಂದರೆ ಅವಳಿಗೆ ಜೀವ ಬಂದಂತಾಗುತ್ತಿತ್ತು. ಇಲ್ಲ ಎಂದರೆ ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟು, ಗೋಡೆಯಿಂದ ದೂರ, ಬರಿ ನೆಲದ ಮೇಲೆ ಮಗ್ಗುಲಾಗಿ ಮಲಗಿಬಿಡುತ್ತಿದ್ದಳು. ಆ ವಾಸನೆ ಅವಳ ಮೂಗಿಗೆ ಮಾತ್ರ ಬಂದಿದೆ ಎಂದರೆ ಸ್ವಲ್ಪ ಹೊತ್ತಿನಲ್ಲೇ ಮೂರ್ಛೆ ಬರುವುದಿದೆ ಎಂದು ಅರ್ಥ.

ಮೊದಲ ಸಲ ಅದು ಬಂದದ್ದು ಹುಡುಗಿಯಾಗಿದ್ದಾಗ, ಮಾಸೂರಿನಲ್ಲಿ. ತಾಯಿ ಹೊಳೆವ್ವ ಮದಗದ ಕೆರೆಯ ಕೆಳಗಿನ ಗದ್ದೆಗಳಿಗೆ ನಾಟಿ ಕೂಲಿಗೆ ಹೋಗುತ್ತಿದ್ದಳು. ಶಾಲೆಗೆ ರಜೆಯೆಂದು ಮಗಳೂ ಜೊತೆಗೆ ಹೋಗಿದ್ದಳು. ಸಂಜೆ ಕಾಲುವೆಯ ದಂಡೆಯಲ್ಲಿ ಕೆಸರು ತೊಳೆದುಕೊಳ್ಳುತ್ತಿದ್ದವಳು ಇದ್ದಕ್ಕಿದ್ದಂತೆ ಸೆಟೆದು ನೀರಿಗೆ ಬಿದ್ದಳು. ಹೊಳೆವ್ವ ಜಡೆ ಹಿಡಿದು ಎಳೆದು ದಂಡೆಗೆ ಹಾಕಿದಳು. ಮಗಳಿಗೆ ಎಚ್ಚರವಾದಾಗ ತಾಯಿ ಕೇಳಿದ್ದು ಏನಾಯಿತೆಂದಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಕಿವಿಯ ಹತ್ತಿರ ಬಂದು ಹೇಳಿದಳು: "ಯಾರರ ಕೇಳಿದ್ರ ಕಾಲು ಜಾರಿ ಬಿದ್ದೆ ಅನ್ನು. ಮೂರ್ಛಾ ಅನ್ನೂ ಮಾತು ನಿನ್ನ ಬಾಯಾಗ ಬರಬಾರದು. ಹೊರಗ ಗೊತ್ತಾತಂದ್ರ ನಿನ್ನ ಬಾಳೇ ಮುಗೀತು."

ಅಂದಿನಿಂದ ಸುಜಾತಾಳ ಬದುಕಿನಲ್ಲಿ ಎರಡು ಅಂಜಿಕೆಗಳು ಕೂಡಿಯೇ ಬೆಳೆದವು. ಬೀಳುತ್ತೇನೆ ಎಂಬುದು ಒಂದು, ಬಿದ್ದದ್ದನ್ನು ಯಾರಾದರೂ ನೋಡುತ್ತಾರೆ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು.

ಹೇಳದೆಯೇ ಮದುವೆಯಾಯಿತು. ಗಂಡ ಮಾಲತೇಶ ಶಿಗ್ಗಾಂವಿಯವನು, ಬಸ್ ಕಂಡಕ್ಟರ್. ಮದುವೆಯಾದ ವರ್ಷವೇ ಒಂದು ದಿನ ಅವನ ಕಣ್ಣೆದುರೇ ಅವಳು ಬಿದ್ದಳು. ಎಚ್ಚರವಾದಾಗ ಅವನು ಪಕ್ಕದಲ್ಲೇ ಕುಳಿತಿದ್ದ. ಇನ್ನು ತನ್ನನ್ನು ಮಾಸೂರಿಗೆ ಕಳಿಸುತ್ತಾನೆ ಎಂದು ಸುಜಾತಾ ಮನಸ್ಸಿನಲ್ಲೇ ಬಟ್ಟೆ ಕಟ್ಟಿಕೊಳ್ಳತೊಡಗಿದ್ದಳು. ಮಾಲತೇಶ ಅಂದದ್ದು ಇಷ್ಟೇ: "ಬಿದ್ದಾಗ ಎಲ್ಲಿ ಹಿಡೀಬೇಕು, ಏನ್ ಮಾಡಬೇಕು, ಅದನ್ನ ಹೇಳು." ಅವಳಿಗೂ ಅದು ಗೊತ್ತಿರಲಿಲ್ಲ. ಇಬ್ಬರೂ ಹುಬ್ಬಳ್ಳಿಯ ನರರೋಗದ ಡಾಕ್ಟರ ಹತ್ತಿರ ಹೋಗಿ ಕೇಳಿ ತಿಳಿದುಕೊಂಡು ಬಂದರು. ಗುಳಿಗೆ ಶುರುವಾದವು. ಮೂರ್ಛೆ ಪೂರಾ ನಿಲ್ಲಲಿಲ್ಲ, ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಎನ್ನುವಷ್ಟಾಯಿತು. ಮಗಳು ಅಂಕಿತಾ ಹುಟ್ಟಿ ದೊಡ್ಡವಳಾಗಿ ಧಾರವಾಡದ ಹಾಸ್ಟೆಲಿಗೆ ಹೋದಳು. ಸುಜಾತಾ ಊರಿನ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಟೀಚರ್ ಆದಳು. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಅವಳು ಬರೆಯಲು ತೊಡಗಿದ್ದು ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದ ಮೇಲೆ. ಮದುವೆಗೆಂದು ರೇಷ್ಮೆ ಸೀರೆ ಉಟ್ಟು ಒಬ್ಬಳೇ ಹೊರಟಿದ್ದಳು. ಕಣ್ಣು ಬಿಟ್ಟಾಗ ಮುಷ್ಟಿಯಲ್ಲಿ ಯಾರದೋ ಬೀಗದ ಕೈ ಗೊಂಚಲು, ಮೂಗಿನ ಹತ್ತಿರ ಯಾರದೋ ಚಪ್ಪಲಿ, ಮೇಲೆ ಬಗ್ಗಿ ನೋಡುತ್ತಿದ್ದ ಮುಖಗಳು. ಸೆರಗು ಎಲ್ಲಿಯೋ ಇತ್ತು. ಮನೆಗೆ ಬಂದು, ಮಗಳ ಓದಿಗೆಂದು ತಂದಿದ್ದ ಲ್ಯಾಪ್‌ಟಾಪಿನಲ್ಲಿ ಕನ್ನಡದಲ್ಲಿ ಮೂರ್ಛೆಯ ಬಗ್ಗೆ ಹುಡುಕಿದಳು. ತಾಯತ, ಉಪವಾಸ, ಯಾರೋ ಬಾಬಾನ ಫೋನ್ ನಂಬರು ಸಿಕ್ಕವು. ಬಿದ್ದು ಎದ್ದವಳೊಬ್ಬಳು ಬರೆದದ್ದು ಒಂದೂ ಇರಲಿಲ್ಲ. ಹಾಗಾಗಿ ತಾನೇ ಒಂದು ವೆಬ್‌ಸೈಟು ಮಾಡಿಕೊಂಡು ಬರೆದಳು. ಅದಕ್ಕೆ 'ಎಚ್ಚರಾದ ಮೇಲೆ' ಎಂದು ಹೆಸರಿಟ್ಟಳು. ಬರೆದವರ ಹೆಸರಿನ ಜಾಗದಲ್ಲಿ 'ಒಬ್ಬಾಕಿ' ಎಂದು ಹಾಕಿದಳು.

ಬಚ್ಚಲಿನ ಬಾಗಿಲಿಗೆ ಚಿಲಕ ಹಾಕದೆ ಟವೆಲ್ ನೇತುಹಾಕುವುದು, ಒಲೆಯ ಹಿಂದಿನ ಉರಿಯಲ್ಲಿ ಮಾತ್ರ ಅಡುಗೆ ಮಾಡುವುದು, ಉಪವಾಸದ ದಿನ ಗುಳಿಗೆ ತಪ್ಪಿಸದಿರುವುದು, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುವುದು - ಇಂಥವನ್ನು ಬರೆಯುತ್ತಿದ್ದಳು. ಓದಿದವರು ಕೆಳಗೆ ಪ್ರಶ್ನೆ ಬರೆಯುತ್ತಿದ್ದರು. ಬಹಳ ಮಂದಿ ಹೆಣ್ಣುಮಕ್ಕಳು. ಬಸುರಿಯಾದರೆ ಗುಳಿಗೆ ಬಿಡಬೇಕೇ ಎಂದು ಒಬ್ಬಳು, ಗಂಡನಿಗೆ ಹೇಳಲೇ ಎಂದು ಒಬ್ಬಳು. ಡಾಕ್ಟರರನ್ನು ಕೇಳಬೇಕಾದ್ದನ್ನು ಕೇಳಲು ಹೇಳಿ, ತನಗೆ ಗೊತ್ತಿದ್ದುದಕ್ಕೆ ಮಾತ್ರ ಸುಜಾತಾ ಉತ್ತರ ಬರೆಯುತ್ತಿದ್ದಳು. ಸವಣೂರಿನ ಗುಲ್ನಾರ ಎಂಬಾಕೆ ವರ್ಷಗಟ್ಟಲೆ ಬರೆಯುತ್ತಿದ್ದಳು. ವೆಬ್‌ಸೈಟಿಗೆಂದೇ ಮಾಡಿಕೊಂಡಿದ್ದ ಬೇರೆ ಇಮೇಲಿನಲ್ಲೂ ಇಬ್ಬರು ಮಾತಾಡುತ್ತಿದ್ದರು. ಆದರೆ ಗುಲ್ನಾರಳಿಗೂ ಅವಳು ಒಬ್ಬಾಕಿಯೇ, ಬರಿ ಅಕ್ಕಾರ.

ಹೀಗೆ ವರ್ಷಗಳು ಕಳೆದ ಮೇಲೆ ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಯಿಂದ ಒಂದು ಪತ್ರ ಬಂತು. ವೆಬ್‌ಸೈಟು ನಡೆಯುತ್ತಿದ್ದ ಹಳೆಯ ಬ್ಲಾಗ್ ತಂತ್ರಾಂಶ ತಿಂಗಳ ಕೊನೆಗೆ ನಿಲ್ಲುತ್ತದೆ, ಅಷ್ಟರೊಳಗೆ ಬರಹಗಳನ್ನು ಬೇರೆಡೆ ಸಾಗಿಸದಿದ್ದರೆ ಎಲ್ಲ ಅಳಿಸಿಹೋಗುತ್ತದೆ ಎಂದು.

"ಹೋದ್ರ ಹೋಗ್ಲಿ ಬಿಡು," ಎಂದ ಮಾಲತೇಶ. "ಬರ್ದಿದ್ದು ನಿನ್ನ ತಲ್ಯಾಗ ಐತೆಲ್ಲ."

"ನನ್ನದು ನನ್ನ ತಲ್ಯಾಗ ಐತ್ರಿ. ಆ ಹುಡುಗ್ಯಾರು ಕೇಳಿದ್ದು ಎಲ್ಲಿ ಐತಿ? ಅಲ್ಲೇ ಐತಿ. ನಾಳೆ ಇನ್ನೊಬ್ಬಾಕಿ ಬಿದ್ದು ಎದ್ದು ಬಂದು ಹುಡುಕಿದ್ರ ಮತ್ತ ಆ ಬಾಬಾನ ನಂಬರ ಸಿಗತೈತಿ."

ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೊಟ್ಟರೆ ಮಧ್ಯಾಹ್ನದೊಳಗೆ ಮಾಡಿಕೊಡುತ್ತಿದ್ದರು. ಆದರೆ ಕೊಡುವುದೆಂದರೆ ತೋರಿಸುವುದು. ತೋರಿಸುವುದೆಂದರೆ ಹೇಳುವುದು. ಆದ್ದರಿಂದ ತಾನೇ ಮಾಡಬೇಕಾಯಿತು. ಯೂಟ್ಯೂಬಿನಲ್ಲಿ ಹಿಂದಿಯಲ್ಲಿ ಹೇಳಿಕೊಡುವ ಒಂದು ವಿಡಿಯೋ ಸಿಕ್ಕಿತು. ಅದನ್ನು ಮತ್ತೆ ಮತ್ತೆ ನೋಡಿದಳು. ಒಂದು ಗುಂಡಿ ತಪ್ಪು ಒತ್ತಿದರೆ ಎಲ್ಲ ಹೋಗುತ್ತದೆ ಎಂಬ ಹೆದರಿಕೆಯಲ್ಲಿ ದಿನ ತಳ್ಳುತ್ತ ಬಂದಳು. ಆ ವಾರವೆಲ್ಲ ನಿದ್ದೆ ಸರಿಯಾಗಿ ಹತ್ತಲಿಲ್ಲ. ನಿದ್ದೆಗೆಟ್ಟರೆ ಮೂರ್ಛೆ ಬರುತ್ತದೆ ಎಂದು ಬೇರೆಯವರಿಗೆ ಬರೆದು ತಿಳಿಸಿದವಳೂ ಅವಳೇ.

ಕೊನೆಗೆ ಒಂದು ಭಾನುವಾರ, ಮಾಲತೇಶ ಹಿರೇಕೆರೂರಿನ ಬಸ್ಸಿಗೆ ಡ್ಯೂಟಿಗೆ ಹೋದ ಮೇಲೆ, ಊಟ ಮುಗಿಸಿ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಹಳೆಯದರಿಂದ ಬರಹಗಳೆಲ್ಲವೂ ಒಂದು ಫೈಲಾಗಿ ಇಳಿದವು. ಹೊಸ ಕಂಪನಿಯಲ್ಲಿ ಖಾತೆ ತೆರೆದಳು. ಹೆಸರು ಕೇಳಿತು. ಖಾತೆಗೆ ತಾನೇ ಎಂದು ನಿಜವಾದ ಹೆಸರು ಕೊಟ್ಟಳು. ಹಳೆಯದರಲ್ಲಿ ಹಾಗೆಯೇ ಇತ್ತು. ಖಾತೆಯ ಹೆಸರು ಬೇರೆ, ಬರಹದ ಕೆಳಗೆ ಕಾಣುವ ಹೆಸರು ಬೇರೆ. ಓದುಗರ ಇಮೇಲುಗಳನ್ನೂ ಸೇರಿಸಲೇ ಎಂದು ಕೇಳಿತು. ಹೂಂ ಎಂದಳು. ಫೈಲನ್ನು ಏರಿಸಿದಳು. ನೀಲಿ ಗೆರೆ ನಿಧಾನಕ್ಕೆ ಬೆಳೆಯಿತು, ಒಂದು ಕಡೆ ನಿಂತಿತು, ಎಷ್ಟೋ ಹೊತ್ತು ಅಲ್ಲೇ ನಿಂತಿತ್ತು. ಮತ್ತೆ ಚಲಿಸಿ ಮುಗಿಯಿತು.

ಮೊದಲ ಪುಟ ತೆರೆದು ನೋಡಿದಳು. ಎಲ್ಲವೂ ಬಂದಿತ್ತು. ಹಾನಗಲ್ಲಿನ ಬರಹವೂ, ಅದರ ಕೆಳಗಿನ ಮಾತುಗಳೂ. ಅವಳ ಕಣ್ಣು ತುಂಬಿ ಬಂತು. ಬರಹದ ತುದಿಯವರೆಗೆ ಇಳಿದು ನೋಡಲಿಲ್ಲ.

ಚಹಾಕ್ಕೆ ಇಡೋಣವೆಂದು ಏಳುವಷ್ಟರಲ್ಲಿ ಫೋನಿನಲ್ಲಿ ಗುಲ್ನಾರಳ ಇಮೇಲು ಕಂಡಿತು.

"ಅಕ್ಕಾರ, ನಿಮ್ಮ ಹೆಸರು ಸುಜಾತಾ ಏನ್ರಿ? ಹೊಸಾ ಸೈಟಿನಿಂದ ಮೇಲ್ ಬಂದೈತಿ. ಫೋಟೋನೂ ಐತಿ."

ಲ್ಯಾಪ್‌ಟಾಪಿನಲ್ಲಿ ಕೆಳಗೆ ಇಳಿದು ನೋಡಿದಳು. ಹೊಸ ತಂತ್ರಾಂಶದಲ್ಲಿ ಖಾತೆಯ ಹೆಸರೇ ಬರೆದವರ ಹೆಸರು. ಪ್ರತಿ ಬರಹದ ಕೆಳಗೂ ಅವಳ ಪೂರ್ತಿ ಹೆಸರು, ತನ್ನ ಸ್ವಂತ ಇಮೇಲಿನಲ್ಲಿ ಎಂದೋ ಹಾಕಿದ್ದ ಅವಳ ನಗುಮುಖ. ವೆಬ್‌ಸೈಟು ಹೊಸ ಮನೆಗೆ ಬಂದಿದೆ ಎಂದು ಓದುಗರೆಲ್ಲರಿಗೂ ಅದು ತಾನಾಗಿಯೇ ಮೇಲ್ ಕಳಿಸಿಬಿಟ್ಟಿತ್ತು.

ಆಗ ಹಾಲು ಸೀದ ವಾಸನೆ ಬಂತು.

ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯ ಬಾಗಿಲವರೆಗೆ ಹೋದಳು. ಒಲೆ ಆರಿತ್ತು. ಹಾಲಿನ ಪಾತ್ರೆ ಫ್ರಿಜ್ಜಿನಲ್ಲಿತ್ತು.

ಎಚ್ಚರವಾದಾಗ ಅವಳು ನಡುಮನೆಯ ನೆಲದ ಮೇಲಿದ್ದಳು. ಬಾಯಲ್ಲಿ ರಕ್ತದ ರುಚಿ. ನಾಲಿಗೆ ಕಚ್ಚಿಕೊಂಡಿತ್ತು. ಮೈಯೆಲ್ಲ ಹೊಡೆಸಿಕೊಂಡಂತೆ ನೋವು. ಕಿಟಕಿಯ ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತ್ತು. ಇಂದು ಯಾವ ವಾರ, ತಾನು ಯಾಕೆ ಇಲ್ಲಿದ್ದೇನೆ ಎಂಬುದು ಹೊಳೆಯಲಿಲ್ಲ. ಮೂರ್ಛೆ ಬಂದಾಗಲೆಲ್ಲ ಅದರ ಮೊದಲಿನ ಸ್ವಲ್ಪ ಹೊತ್ತು ಅವಳ ನೆನಪಿನಿಂದ ಅಳಿಸಿಹೋಗುತ್ತಿತ್ತು. ಊಟ ಮಾಡಿದ್ದು ನೆನಪಿತ್ತು. ಆಮೇಲಿನದು ಇರಲಿಲ್ಲ.

ಪಕ್ಕದಲ್ಲಿ ಬಿದ್ದಿದ್ದ ಫೋನು ಎತ್ತಿಕೊಂಡಳು. ಗುಲ್ನಾರಳ ಇಮೇಲು ತೆರೆದೇ ಇತ್ತು. ನಿಮ್ಮ ಹೆಸರು ಸುಜಾತಾ ಏನ್ರಿ. ಅವಳು ಅದನ್ನು ಮೊದಲ ಸಲ ಓದುತ್ತಿರುವಂತೆ ಓದಿದಳು. ಕೆಳಗೆ ಉತ್ತರದ ಜಾಗದಲ್ಲಿ 'ಇಲ್' ಎಂದು ಯಾರೋ ಬರೆದು ಅರ್ಧಕ್ಕೇ ಬಿಟ್ಟಿದ್ದರು. ಮನೆಗೆ ಯಾರು ಬಂದಿದ್ದರು ಎಂದು ಬಾಗಿಲ ಕಡೆ ನೋಡಿದಳು. ಚಿಲಕ ಹಾಕಿತ್ತು. ಬರೆದವಳು ತಾನೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಎದ್ದು ಗೋಡೆ ಹಿಡಿದು ಹೋಗಿ ಲ್ಯಾಪ್‌ಟಾಪಿನಲ್ಲಿ ತನ್ನ ಹೆಸರನ್ನೂ ಮುಖವನ್ನೂ ಕಂಡಳು. ಒಂದೇ ಮಧ್ಯಾಹ್ನದಲ್ಲಿ ಅದೇ ಸುದ್ದಿ ಅವಳ ಎದೆಗೆ ಎರಡನೆಯ ಸಲ ಬಡಿಯಿತು. ಎರಡರ ನಡುವೆ ಹೋದ ಹೊತ್ತೆಲ್ಲ ಆ ಹೆಸರು ಅಲ್ಲಿ ಬೆಳಗುತ್ತಲೇ ಇತ್ತು.

ಅಷ್ಟರಲ್ಲಿ ಗುಲ್ನಾರಳ ಇನ್ನೊಂದು ಇಮೇಲು ಬಂದಿತ್ತು. ಅದರಲ್ಲಿ ಬರಿ ಫೋನ್ ನಂಬರು. ಸುಜಾತಾ ಫೋನ್ ಮಾಡಿದಳು. ಕಚ್ಚಿದ ನಾಲಿಗೆಯಿಂದ ಮಾತು ತೊದಲಿತು. ಅತ್ತಲಿಂದ ಗುಲ್ನಾರ ಕೇಳಿದಳು:

"ಅಕ್ಕಾರ, ಬಂದಿತ್ತೇನ್ರಿ?"

"ಹೂಂ."

"ಮೊದಲ ಕುಂತ್ರಿ. ಕುಂತೀರೇನು? ಒಂದ್ ಗುಟುಕು ನೀರು ಕುಡೀರಿ. ನಾ ಫೋನ್ ಇಡಂಗಿಲ್ಲ."

"ಹೆಸರು ಐತವ್ವ ಅಲ್ಲೆ. ನನ್ನ ಹೆಸರು."

"ತಗಿಯೂಣ್ರಿ. ನೀವು ಹೇಳ್ರಿ, ಪರದೆ ಮ್ಯಾಲ ಏನೇನ್ ಕಾಣತೈತಿ?"

ಅಕ್ಷರಗಳು ಅವಳ ಕಣ್ಣಮುಂದೆ ಈಜಾಡುತ್ತಿದ್ದವು. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಗುಲ್ನಾರಳಿಗೂ ವೆಬ್‌ಸೈಟಿನ ಕೆಲಸ ಗೊತ್ತಿರಲಿಲ್ಲ. ಮನೆಯಲ್ಲಿದ್ದ ಇನ್ನೊಂದು ಫೋನಿನಲ್ಲಿ ಕಂಪನಿಯ ಸಹಾಯದ ಪುಟ ತೆರೆದು ಒಂದೊಂದೇ ಸಾಲು ಓದಿ ಹೇಳಿದಳು. ಇಬ್ಬರೂ ತಪ್ಪು ಪುಟಕ್ಕೆ ಹೋದರು, ಹಿಂದೆ ಬಂದರು. ಒಮ್ಮೆ ಸುಜಾತಾ ಅತ್ತುಬಿಟ್ಟಳು. ಕೊನೆಗೆ ಹೆಸರು ಬದಲಾಯಿತು, ಫೋಟೋ ಹೋಯಿತು. ಆದರೆ ಹೋದ ಮೇಲ್‌ಗಳನ್ನು ವಾಪಸ್ ಕರೆಯುವ ಗುಂಡಿ ಎಲ್ಲಿಯೂ ಇರಲಿಲ್ಲ. ಮುನ್ನೂರಕ್ಕೂ ಹೆಚ್ಚು ಮಂದಿಗೆ ಅವು ಹೋಗಿದ್ದವು. ಅವರಲ್ಲಿ ಶಿಗ್ಗಾಂವಿಯವರು ಎಷ್ಟು ಮಂದಿ ಎಂದು ತಿಳಿಯುವ ದಾರಿಯೂ ಇರಲಿಲ್ಲ.

ಸಂಜೆ ಮಾಲತೇಶ ಬಂದು ಅವಳ ತುಟಿಯಂಚಿನ ರಕ್ತದ ಕಲೆ ನೋಡಿದವನೇ ಪಕ್ಕದಲ್ಲಿ ಕುಳಿತ. ಎಲ್ಲ ಕೇಳಿ, "ನಾಳೆ ಸಾಲಿಗೆ ಹೋಗಬ್ಯಾಡ," ಎಂದ.

"ಹೋಗ್ದಿದ್ರ ಮನಿಯಾಗ ಕುಂತು ಇನ್ನೂ ಅಂಜತೇನಿ."

ಒಂದು ದಿನ ಮಾತ್ರ ಮೈನೋವಿಗೆಂದು ರಜೆ ಹಾಕಿ, ಮಂಗಳವಾರ ಹೋದಳು. ಗೇಟಿನಲ್ಲಿ ಮಕ್ಕಳನ್ನು ಬಿಡಲು ಬಂದವರ ಮುಖಗಳನ್ನೆಲ್ಲ ಓದುತ್ತ ನಿಂತಳು. ದುಂಡಸಿಯಿಂದ ಬಸ್ಸಿನಲ್ಲಿ ಮೊಮ್ಮಗಳನ್ನು ಕರೆತರುವ ಶಂಕ್ರಪ್ಪಜ್ಜ ದಿನವೂ ನಮಸ್ಕಾರ ಹೇಳುತ್ತಿದ್ದ. ಅಂದು ಹೇಳಲಿಲ್ಲ, ಮೊಮ್ಮಗಳ ಕೈಯನ್ನೂ ಬಿಡಲಿಲ್ಲ. ಇವನಿಗೆ ತಿಳಿದುಬಿಟ್ಟಿದೆ ಎಂದುಕೊಂಡಳು ಸುಜಾತಾ. ಆಮೇಲೆ ನೋಡಿದರೆ ಅವನು ಹುಡುಗಿಯ ಬೂಟಿನ ಲೇಸು ಕಟ್ಟಲು ಬಗ್ಗಿದ್ದ. ಸ್ಟಾಫ್ ರೂಮಿನಲ್ಲಿ ಇಬ್ಬರು ಪಿಸುಗುಟ್ಟಿದರೆ ತನ್ನದೇ ಮಾತು. ಯಾರಾದರೂ ಫೋನು ನೋಡಿ ನಕ್ಕರೆ ತನ್ನದೇ ಫೋಟೋ. ಮಂಗಳವಾರ ಏನೂ ಆಗಲಿಲ್ಲ. ಬುಧವಾರವೂ ಆಗಲಿಲ್ಲ. ಆಗದೆ ಇದ್ದಷ್ಟೂ ಅವಳ ಹೆದರಿಕೆ ಬಲಿಯಿತು.

ಗುರುವಾರ ಹೆಡ್‌ಮಿಸ್ ಸುಧಾರಾಣಿ ಕರೆಸಿದರು. ಬಾಗಿಲು ಮುಂದೆ ಮಾಡಿ ತಮ್ಮ ಫೋನನ್ನು ಮೇಜಿನ ಮೇಲೆ ಅವಳ ಕಡೆ ತಿರುಗಿಸಿ ಇಟ್ಟರು. ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದ ಚಿತ್ರ. ಆ ಮೇಲ್, ಆ ಹೆಸರು, ಆ ಮುಖ.

"ಇದು ನೀವ ಏನ್ರಿ, ಟೀಚರ್?"

ಹುಡುಗಿಯಾಗಿದ್ದಾಗಿನಿಂದ ಅವಳ ನಾಲಿಗೆಯ ತುದಿಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಸಿದ್ಧವಾಗಿತ್ತು. ಆ ನಾಲಿಗೆ ಇನ್ನೂ ಊದಿತ್ತು.

"ಹೌದ್ರಿ, ಮೇಡಂ."

"ಇಷ್ಟ ವರ್ಷ ನಮ್ಮ ಸಾಲ್ಯಾಗ ಅದೀರಿ. ಒಂದ್ ಮಾತು ಹೇಳಲಿಲ್ಲ."

"ಹೇಳಿದ್ರ ಇಟ್ಕೊಂತಿದ್ರೇನ್ರಿ?"

ಸುಧಾರಾಣಿ ಕನ್ನಡಕ ತೆಗೆದು ಒರೆಸಿಕೊಂಡರು. "ಸುಳ್ಳು ಯಾಕ ಹೇಳ್ಲಿ. ಇಟ್ಕೊಂತಿರಲಿಲ್ಲ. ಈಗೂ ನನಗ ಅಂಜಿಕಿ ಆಗೇತಿ. ನೀವು ಮಗೂನ್ನ ಎತ್ಕೊಂಡಾಗ ಬಂದ್ರ ಏನ್ ಮಾಡೂದು?"

"ನಾ ಯಾವತ್ತರ ಮಗೂನ್ನ ಎತ್ಕೊಂಡಿದ್ದು ನೋಡೀರೇನ್ರಿ?"

ಅಳುವ ಮಕ್ಕಳನ್ನು ಈ ಟೀಚರ್ ಎತ್ತಿಕೊಳ್ಳುವುದಿಲ್ಲ, ಮನಸ್ಸು ಗಟ್ಟಿ ಎಂದು ತಾಯಂದಿರು ಹೆಡ್‌ಮಿಸ್ ಹತ್ತಿರವೇ ದೂರಿದ್ದುಂಟು.

"ನೆಲದ ಮ್ಯಾಲ ಕುಂತು ಮಗ್ಗಲದಾಗ ಕುಂದರಿಸ್ಕೊಂತೇನ್ರಿ. ನಿಮಗ ಇವತ್ತು ಬಂದ ಅಂಜಿಕಿ ನನಗ ದಿನಾ ಇರ್ತೈತಿ," ಎಂದಳು ಸುಜಾತಾ.

ಡಾಕ್ಟರ ಪತ್ರ ತರುವವರೆಗೆ ತರಗತಿಗೆ ಬರಬೇಡಿ ಎಂದರು ಸುಧಾರಾಣಿ. ಅವಳು ಚೀಲ ತೆಗೆದುಕೊಂಡು ಹೊರಬಂದಾಗ ಮಕ್ಕಳು ಊಟದ ಡಬ್ಬಿ ಬಿಚ್ಚುತ್ತಿದ್ದರು.

ಮನೆಯಲ್ಲಿ ಕುಳಿತ ದಿನಗಳೇ ಎಲ್ಲಕ್ಕಿಂತ ಕಷ್ಟದವು. ಸುದ್ದಿ ಮಾಸೂರಿಗೂ ಮುಟ್ಟಿತು. ಹೊಳೆವ್ವ ಫೋನ್ ಮಾಡಿ, "ನಾ ಇಷ್ಟ ವರ್ಷ ಮುಚ್ಚಿಟ್ಟಿದ್ದನ್ನ ನೀನ ಬಿಚ್ಚಿ ಹರವಿದೆಲ್ಲ," ಎಂದು ಹೇಳಿ ಫೋನ್ ಇಟ್ಟುಬಿಟ್ಟಳು. ಆಮೇಲೆ ಬಹಳ ದಿನ ಮಾತಾಡಲಿಲ್ಲ. ಮೊದಲು ಸುಜಾತಾಳ ಬಾಗಿಲಿಗೆ ಬಂದು ಮೊಸರು ಕೇಳುತ್ತಿದ್ದ ನೆರೆಯಾಕೆ ಈಗ ಗಲ್ಲಿಯ ಆ ಕಡೆಯಿಂದಲೇ ಹಾಯುತ್ತಿದ್ದಳು. ಸುಜಾತಾಳಿಗೆ ಒಮ್ಮೊಮ್ಮೆ ಆ ಹಾಲಿನ ವಾಸನೆ ಬಂದಂತೆ ಆಗುತ್ತಿತ್ತು. ಓಡಿಹೋಗಿ ನೆಲದ ಮೇಲೆ ಮಲಗುತ್ತಿದ್ದಳು. ಏನೂ ಆಗುತ್ತಿರಲಿಲ್ಲ. ಬರಿ ಹೆದರಿಕೆಗೇ ಆ ವಾಸನೆ ಬರತೊಡಗಿತ್ತು.

ಪಾಲಕರ ಸಭೆ ನಡೆಯಿತು. ಅವಳನ್ನು ಕರೆಯಲಿಲ್ಲ. ಮೂರು ಮನೆಯವರು ಮಕ್ಕಳನ್ನು ಬಿಡಿಸುತ್ತೇವೆ ಎಂದರು, ಇಬ್ಬರು ಬಿಡಿಸಿಯೂಬಿಟ್ಟರು. ಶಂಕ್ರಪ್ಪಜ್ಜ ಮಾತ್ರ ಎದ್ದು ನಿಂತು, ತನ್ನ ಮೊಮ್ಮಗಳು ಆ ಟೀಚರ ಕೈಯಲ್ಲೇ ಅಕ್ಷರ ಕಲಿತಳು, ಜೊತೆಗೆ ಇನ್ನೊಬ್ಬರನ್ನು ಇರಿಸಿದರೆ ಆಗದೇ ಎಂದು ಕೇಳಿದನಂತೆ. ಯಾರೂ ಹೌದೆನ್ನಲಿಲ್ಲ, ಯಾರೂ ಅಲ್ಲವೆನ್ನಲೂ ಇಲ್ಲ. ಡಾಕ್ಟರು ಪತ್ರ ಬರೆದುಕೊಟ್ಟರು, ಗುಳಿಗೆಯನ್ನು ಸ್ವಲ್ಪ ಹೆಚ್ಚಿಸಿದರು. ಜೂನ್ ತಿಂಗಳಲ್ಲಿ ಸುಧಾರಾಣಿ ಅವಳನ್ನು ಮತ್ತೆ ಕರೆಸಿ ಮೂರನೇ ತರಗತಿಯ ಕನ್ನಡ ಕೊಟ್ಟರು. ಎಲ್‌ಕೆಜಿ ಮಕ್ಕಳು ಅವಳ ಕೈಬಿಟ್ಟುಹೋದರು. ಅದಕ್ಕೆ ಅವಳು ಅತ್ತಳು. ಆದರೂ ಹೋದಳು.

ಶಾಲೆ ಶುರುವಾದ ಮೊದಲ ವಾರ ಹೆಡ್‌ಮಿಸ್ಸೇ ಟೀಚರುಗಳನ್ನು ಕೂಡಿಸಿ, ಮೂರ್ಛೆ ಬಂದರೆ ಏನು ಮಾಡಬೇಕೆಂದು ಸುಜಾತಾಳಿಂದಲೇ ಹೇಳಿಸಿದರು. ಅವಳು ಹೇಳಿದಳು: ಮಗ್ಗುಲಿಗೆ ಮಲಗಿಸ್ರಿ, ತಲೆ ಕೆಳಗ ಮೆತ್ತಗಿಂದು ಏನರ ಇಡ್ರಿ, ಬಾಯಾಗ ನೀರು ಹಾಕಬ್ಯಾಡ್ರಿ, ಗಡಿಯಾರ ನೋಡ್ರಿ, ಐದು ನಿಮಿಷ ದಾಟಿದ್ರ ದವಾಖಾನಿಗೆ ಒಯ್ರಿ. ಆಯಾ ವೀರವ್ವ ಹಿಂದಿನಿಂದ, "ಎದ್ದ ಮ್ಯಾಲ ಚಹಾ ಕೊಡಬಹುದೇನ್ರಿ?" ಎಂದು ಕೇಳಿದಳು. ಪೂರಾ ಎಚ್ಚರಾದ ಮೇಲೆ ಕೊಡಬಹುದು ಎಂದಳು ಸುಜಾತಾ. ಅಂಥ ಪ್ರಶ್ನೆಯನ್ನು ಅವಳಿಗೆ ಆವರೆಗೆ ಯಾರೂ ಕೇಳಿರಲಿಲ್ಲ.

ವೆಬ್‌ಸೈಟು ಹೊಸ ಜಾಗದಲ್ಲಿ ನಡೆಯಿತು. ಹೆಸರಿನ ಜಾಗದಲ್ಲಿ ಅವಳು ಮತ್ತೆ ಒಬ್ಬಾಕಿ ಎಂದೇ ಇಟ್ಟುಕೊಂಡಿದ್ದಳು. ಊರಿಗೆಲ್ಲ ಗೊತ್ತಾದ ಮೇಲೆ ಇನ್ನೇನು ಎಂದು ಮಾಲತೇಶ ಕೇಳಿದ. "ಊರಿಗೆ ಗೊತ್ತಾಗಿದ್ದು ನಾ ಹೇಳಿ ಅಲ್ಲಲ್ರಿ," ಎಂದಳು.

ಮಳೆಗಾಲದ ಒಂದು ಭಾನುವಾರ ಅವಳು ಸವಣೂರಿಗೆ ಹೋದಳು. ಫೋನಿನಲ್ಲಿ ಕೇಳಿದ್ದ ದನಿಯವಳನ್ನು ಕಣ್ಣಾರೆ ಕಂಡದ್ದು ಅಂದೇ. ಗುಲ್ನಾರ ಅವಳು ಅಂದುಕೊಂಡಿದ್ದಕ್ಕಿಂತ ಸಣ್ಣಗಿದ್ದಳು, ಹಣೆಯ ಮೇಲೆ ಹಳೆಯ ಹೊಲಿಗೆಯ ಗುರುತು. ತಾಯಿ ಜನ್ನತಬಿ ಪಡಸಾಲೆಯಲ್ಲಿ ಒದ್ದೆ ಬಟ್ಟೆ ಹಾಸಿ ವೀಳ್ಯದೆಲೆ ಎಣಿಸಿ ಕಟ್ಟುತ್ತಿದ್ದಳು. ಊಟವಾದ ಮೇಲೆ ಗುಲ್ನಾರ ತಾನು ಫೋನಿನಲ್ಲಿ ಬರೆದಿಟ್ಟದ್ದನ್ನು ತೋರಿಸಿದಳು. ರಮಜಾನಿನ ಉಪವಾಸದಲ್ಲಿ ಯಾರನ್ನೂ ಕೇಳದೆ ಗುಳಿಗೆ ಬಿಟ್ಟು ಮೆಟ್ಟಿಲ ಮೇಲಿಂದ ಬಿದ್ದದ್ದು, ಆಮೇಲೆ ಡಾಕ್ಟರನ್ನು ಕೇಳಿ ಗುಳಿಗೆಯ ಹೊತ್ತು ಬದಲಿಸಿಕೊಂಡದ್ದು. ಸುಜಾತಾ ಅದನ್ನು ಎರಡು ಸಲ ಓದಿದಳು.

"ಹಾಕೂಣೇನು?"

"ಹಾಕ್ರಿ. ಹೆಸರು ಮಾತ್ರ ಬ್ಯಾಡ್ರಿ ಅಕ್ಕಾರ. ನನ್ನ ಮದುವಿ ಮಾತುಕತಿ ನಡದಾವ."

ಸುಜಾತಾ ಲ್ಯಾಪ್‌ಟಾಪ್ ಬಿಚ್ಚಿ ಬರಹವನ್ನು ಏರಿಸಿದಳು. ಹೆಸರಿನ ಜಾಗ ಖಾಲಿ ಬಿಟ್ಟರೆ ತಂತ್ರಾಂಶ ಒಪ್ಪಲಿಲ್ಲ. 'ಗೆಳತಿ' ಎಂದು ಹಾಕಿದಳು. ಓದುಗರಿಗೆ ಮೇಲ್ ಕಳಿಸುವ ಗುಂಡಿಯನ್ನು ಬಂದ್ ಮಾಡಿದಳು, ಬಂದ್ ಆಗಿದೆಯೇ ಎಂದು ಮತ್ತೆ ನೋಡಿದಳು. ಬರಹದಲ್ಲಿ ಊರಿನ ಹೆಸರು ಒಂದು ಕಡೆ ಉಳಿದಿತ್ತು, ತೆಗೆದಳು. ಬೆರಳು ಪ್ರಕಟಿಸುವ ಗುಂಡಿಯ ಮೇಲೆ ಬಂದು ನಿಂತಿತು. ತನ್ನದನ್ನು ಸಾಗಿಸಿದ ದಿನವೂ ಅವಳು ಇಷ್ಟು ಸಲ ನೋಡಿರಲಿಲ್ಲ.

"ಒತ್ರಿ ಅಕ್ಕಾರ," ಎಂದು ಗುಲ್ನಾರ ಅವಳ ಮಣಿಕಟ್ಟು ಹಿಡಿದುಕೊಂಡಳು.

ಒತ್ತಿದಳು. ಕೂಡಲೇ ಇಬ್ಬರೂ ಗುಲ್ನಾರಳ ಫೋನಿನಲ್ಲಿ ಪುಟ ತೆರೆದು ಮೇಲಿನಿಂದ ಕೆಳಗಿನವರೆಗೆ, ಕಟ್ಟಕಡೆಯ ಸಾಲಿನವರೆಗೆ ಇಳಿಸಿ ನೋಡತೊಡಗಿದರು. ಪಡಸಾಲೆಯಿಂದ ಜನ್ನತಬಿ, "ಆತೇನವ್ವ?" ಎಂದು ಕೇಳಿದಳು.

"ತಡೀರಿ," ಎಂದಳು ಸುಜಾತಾ, "ಇನ್ನೂ ನೋಡಾಕತ್ತೇವಿ."